ಒಲಿಸುವ ಮಾತು, ಕೆರಳಿಸುವ ಮಾತು

ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಗಾದೆ. ಆದರೆ ಜಗಳ ಹೊತ್ತಿಸುವುದಕ್ಕೂ ಮಾತು ಬಲ್ಲವನೇ ಬೇಕಲ್ಲವೆ? ಕಾಲೇಜಿನ ಚರ್ಚಾಸ್ಪರ್ಧೆಗೆ ವಿದ್ಯಾರ್ಥಿಗಳನ್ನು ಸಿದ್ಧಗೊಳಿಸುವ ಹೊಣೆ ಹಲವು ವರ್ಷಗಳಿಂದ ನನ್ನದು. ಈ ಸಲ ಬಹುಮಾನ ಪಡೆದ ಹುಡುಗ, "ಎದುರು ಪಕ್ಷ ವಹಿಸಿದ್ದರೂ ನಾನೇ ಗೆಲ್ಲುತ್ತಿದ್ದೆ, ಸಾರ್" ಎಂದು ಹೆಮ್ಮೆಯಿಂದ ನುಡಿದ. ಆ ಮಾತು ನನ್ನನ್ನು ಚುಚ್ಚಿತು. ನಾನು ಕಲಿಸಿದ್ದೂ ಇದನ್ನೇ ಅಲ್ಲವೆ ಎಂದು ಯೋಚಿಸುತ್ತಿರುವಾಗ ಎರಡು ಹಳೆಯ ಚಿತ್ರಗಳು ನೆನಪಿಗೆ ಬಂದವು.

ಒಂದು, ಶೇಕ್ಸ್‌ಪಿಯರನ ನಾಟಕವನ್ನು ಮ್ಯಾಂಕಿವಿಟ್ಸ್ 1953ರಲ್ಲಿ ತೆರೆಗೆ ತಂದ 'ಜೂಲಿಯಸ್ ಸೀಸರ್'. ಆಂಟನಿಯಾಗಿ ಮಾರ್ಲನ್ ಬ್ರಾಂಡೊ. ಇನ್ನೊಂದು, 1957ರಲ್ಲಿ ಸಿಡ್ನಿ ಲ್ಯೂಮೆಟ್ ನಿರ್ದೇಶಿಸಿದ 'ಟ್ವೆಲ್ವ್ ಆಂಗ್ರಿ ಮೆನ್'; ಎಂಟನೆಯ ಜ್ಯೂರಿ ಸದಸ್ಯನಾಗಿ ಹೆನ್ರಿ ಫಾಂಡಾ. ಇಬ್ಬರ ಮುಂದೆಯೂ ಇರುವುದು ಒಂದು ಕೊಲೆ. ಇಬ್ಬರೂ ಒಂಟಿಗರು, ಕೇಳುವವರೆಲ್ಲ ಆಗಲೇ ಎದುರು ಪಕ್ಷಕ್ಕೆ ಒಲಿದವರು.

ಆಂಟನಿ ಹಂತಕರನ್ನು ನೇರವಾಗಿ ಹಳಿಯುವುದಿಲ್ಲ. ಅವರನ್ನು ಗೌರವಸ್ಥರೆಂದು ಮತ್ತೆ ಮತ್ತೆ ಕರೆದೇ ಆ ಶಬ್ದಕ್ಕೆ ವಿಷವೇರಿಸುತ್ತಾನೆ. ಉಯಿಲನ್ನು ಎತ್ತಿ ತೋರಿಸಿ, ಓದಲೊಲ್ಲೆನೆನ್ನುತ್ತಾನೆ. ದುಃಖ ತಡೆಯದವನಂತೆ ಜನರಿಗೆ ಬೆನ್ನು ತಿರುಗಿಸಿದಾಗ ಅವನ ಮುಖ ಪ್ರೇಕ್ಷಕರಾದ ನಮಗೆ ಮಾತ್ರ ಕಾಣುತ್ತದೆ. ಜನರ ಗುಜುಗುಜಿಗೆ ಕಿವಿಗೊಟ್ಟ ಮುಖವದು. ಹಾಗೆಂದು ಅವನ ಶೋಕ ಸುಳ್ಳಲ್ಲ. ನಿಜವಾದ ಶೋಕವನ್ನೇ ಅವನು ಆಯುಧ ಮಾಡಿಕೊಂಡ.

ಎಂಟನೆಯವನ ಮುಂದಿರುವುದು ತಂದೆಯನ್ನು ಕೊಂದ ಆರೋಪ ಹೊತ್ತ 18 ವರ್ಷದ ಹುಡುಗನ ಪ್ರಾಣ. ಹನ್ನೊಂದು ಮಂದಿ ಅಪರಾಧಿಯೆಂದರೂ ಇವನು ಒಪ್ಪುವುದಿಲ್ಲ. ಹುಡುಗ ನಿರಪರಾಧಿಯೆಂದೂ ಸಾಧಿಸುವುದಿಲ್ಲ. ತನಗೆ ತಿಳಿಯದು, ಮಾತನಾಡೋಣ ಎನ್ನುತ್ತಾನೆ. ನಾಟಕೀಯತೆ ಇವನಲ್ಲಿಯೂ ಉಂಟು. ಬಹು ಅಪರೂಪದ್ದೆಂದು ಹೇಳಲಾದ ಚೂರಿಯಂಥದೇ ಇನ್ನೊಂದನ್ನು ಜೇಬಿನಿಂದ ತೆಗೆದು ಮೇಜಿಗೆ ನಾಟುತ್ತಾನೆ. ಆದರೆ ಅನಂತರ ಗುಪ್ತ ಮತದಾನವನ್ನು ತಾನೇ ಸೂಚಿಸಿ, ಹನ್ನೊಂದೂ ಮತ ವಿರುದ್ಧವಾದರೆ ತಾನೂ ಅವರೊಡನೆ ಸೇರುವೆನೆಂದು ಮಾತು ಕೊಡುತ್ತಾನೆ. ತನ್ನ ಸೋಲಿಗೆ ಬಾಗಿಲು ತೆರೆದಿಟ್ಟೇ ಅವನು ವಾದಿಸುತ್ತಾನೆ.

ಆದ್ದರಿಂದ ಒಬ್ಬನದು ಭಾವ, ಇನ್ನೊಬ್ಬನದು ತರ್ಕ ಎಂದು ವಿಂಗಡಿಸಿದರೆ ಸಾಲದು. ಮಾತು ಕೇಳಿದವರು ಏನಾದರೆಂಬುದೇ ನಿಜವಾದ ಒರೆಗಲ್ಲು. ಆಂಟನಿಯ ಮಾತು ಕೇಳಿದವರು ಒಂದೇ ಗಂಟಲಾದರು. ಮೂಲನಾಟಕದಲ್ಲಿ ಅವರು ಹೆಸರಿನ ಸಾಮ್ಯಕ್ಕಾಗಿಯೇ ಸಿನ್ನನೆಂಬ ಕವಿಯನ್ನು ಕೊಲ್ಲುತ್ತಾರೆ. ಜನರನ್ನು ಮರುಳುಗೊಳಿಸಿದ ಆ ಉಯಿಲಿನ ಕೊಡುಗೆಗಳನ್ನು ಕಡಿತಗೊಳಿಸುವ ದಾರಿಯನ್ನು ಆಂಟನಿಯೇ ಮುಂದೆ ಹುಡುಕುತ್ತಾನೆ. ಜ್ಯೂರಿಯ ಕೋಣೆಯಲ್ಲಾದರೋ ಒಬ್ಬೊಬ್ಬನಿಗೂ ಅವನವನ ಕಣ್ಣು ಮರಳಿ ಬಂದಿತು. ಅಂಥ ಚೂರಿಯನ್ನು ಹಿಡಿಯುವ ಬಗೆ ಕೊಳೆಗೇರಿಯಲ್ಲಿ ಬೆಳೆದವನಿಗೆ ಹೊಳೆಯಿತು. ಸಾಕ್ಷಿ ಹೇಳಿದ ಹೆಂಗಸಿನ ಮೂಗಿನ ಮೇಲಿದ್ದ ಕನ್ನಡಕದ ಗುರುತು ವೃದ್ಧ ಸದಸ್ಯನಿಗೆ ನೆನಪಾಯಿತು. ತೀರ್ಪನ್ನು ತಿರುಗಿಸಿದ ಈ ಸಂಗತಿಗಳು ಎಂಟನೆಯವನ ಬಾಯಿಂದ ಬಂದವಲ್ಲ. ಕೊನೆಗೆ ಸೋತು ಕುಸಿದ ಎದುರಾಳಿಗೆ ಅವನು ಮೌನವಾಗಿ ಕೋಟು ತೊಡಿಸುತ್ತಾನೆ.

ನಮ್ಮ ಆಲಂಕಾರಿಕರು ಪ್ರಭುಸಮ್ಮಿತ, ಮಿತ್ರಸಮ್ಮಿತ, ಕಾಂತಾಸಮ್ಮಿತವೆಂದು ಮಾತಿನ ಉಪದೇಶವನ್ನು ಮೂರು ಬಗೆಯಾಗಿ ಕಂಡರು. ಆಂಟನಿ ಮಿತ್ರನೆಂದು ಹೇಳಿಕೊಂಡು ಜನರನ್ನು ಆಳಿದ. ಎಂಟನೆಯವನು ಹಾಗೆ ಹೇಳಿಕೊಳ್ಳದೆಯೇ ಮಿತ್ರನಾದ.

ಬಹುಮಾನ ಪಡೆದ ಹುಡುಗನನ್ನು ಕರೆದು ಒಂದು ಪ್ರಶ್ನೆ ಕೇಳಬೇಕೆಂದಿದ್ದೇನೆ: ಎದುರಾಳಿಯ ಯಾವ ಮಾತು ನಿನ್ನನ್ನು ಕ್ಷಣಕಾಲವಾದರೂ ಅಲುಗಿಸಿತು? ಇಷ್ಟು ವರ್ಷ ನಾನು ಆ ಪ್ರಶ್ನೆಗೆ ಅಂಕಗಳನ್ನೇ ಇಟ್ಟಿರಲಿಲ್ಲ.