ವರ್ಗಾವಣೆ ಆಗದ ತೋಪು

ತಿಕೋಟಾ ಬಸ್ಸಿನಿಂದ ನಾನು ಇಳಿದೆ, ಬಬಲೇಶ್ವರದ ಬಸ್ಸಿನಿಂದ ಕಾಕಾ ಇಳಿದರು. ತೋಪಖಾನೆಯಲ್ಲಿದ್ದು ನಿವೃತ್ತರಾದ ಹವಾಲ್ದಾರರು. ಬಲಗಿವಿ ಸೇವೆಯಲ್ಲೇ ಹೋಗಿದೆ. ನವೆಂಬರ್ ಬಂತೆಂದರೆ ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಲು ವಿಜಯಪುರಕ್ಕೆ ಬರುತ್ತಾರೆ. ಬ್ಯಾಂಕಿನ ಕೆಲಸ ಮುಗಿಸಿ ಗೋಳಗುಮ್ಮಟದ ಹಾದಿ ಹಿಡಿದೆವು.

ಗುಮ್ಮಟದ ಮುಂದಿನ ನಗಾರಖಾನೆಯೇ ಈಗ ವಸ್ತುಸಂಗ್ರಹಾಲಯ. 1892ರಲ್ಲಿ ಜಿಲ್ಲಾ ಸಂಗ್ರಹಾಲಯವಾಗಿ ಶುರುವಾಗಿ, 1982ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಕೈಸೇರಿತು. ಯಜಮಾನ ಬದಲಾದರೂ, ಇದೇ ಊರಿನ ಅಸಾರ್ ಮಹಲಿನಿಂದ ಇಲ್ಲಿಗೆ ಬಂದ ರತ್ನಗಂಬಳಿಗಳು ಊರು ಬಿಡಲಿಲ್ಲ. ಅದೇ ಮಹಲಿನ ಹಸ್ತಪ್ರತಿಗಳಿಗೆ ಆ ಅದೃಷ್ಟ ಇರಲಿಲ್ಲ; 1853ರಲ್ಲಿ ಲಂಡನ್ನಿಗೆ ಹೋದವು.

ಕಾಕಾಗೆ ಗಂಬಳಿ ರುಚಿಸಲಿಲ್ಲ. "ನಡೀರಿ, ನಮ್ಮ ಪೈಕಿಯಂವನ್ನ ನೋಡೂಣು" ಎಂದು ಆಟೋ ನಿಲ್ಲಿಸಿದರು.

ಊರಿನ ಪಡುವಣ ಕೋಟೆಗೋಡೆ, ಶೇರ್ಜಾ ಬುರುಜು. ಮೆಟ್ಟಿಲೇರಿದರೆ ಮಲಿಕ್-ಎ-ಮೈದಾನ್, 55 ಟನ್ ತೂಕದ ತೋಪು. 1549ರಲ್ಲಿ ಅಹ್ಮದನಗರದಲ್ಲಿ ಎರಕ ಹೊಯ್ದ ಮುಹಮ್ಮದ್ ರೂಮಿಗೆ ಬರೀ ಗುಂಡು ಹಾರಿದರೆ ಸಾಲದಾಗಿತ್ತು ಅನಿಸುತ್ತದೆ: ತೋಪಿನ ಬಾಯೇ ಸಿಂಹದ ಬಾಯಿ, ಹಲ್ಲಿನ ನಡುವೆ ನಜ್ಜುಗುಜ್ಜಾಗುತ್ತಿರುವ ಆನೆ. ಮೈತುಂಬ ಅಕ್ಷರ.

1632ರಲ್ಲಿ ಪರಂಡಾ ಕೋಟೆಯಿಂದ ಇಲ್ಲಿಗೆ ಬಂತು. ನಾನೂರು ಎತ್ತು, ಹತ್ತು ಆನೆ ಎಳೆದವಂತೆ. ವಿಜಯಪುರ ಗೆದ್ದ ಔರಂಗಜೇಬ ತನ್ನ ಶಾಸನವನ್ನೂ ಅದರ ಮೇಲೆ ಕೊರೆಸಿದ. 1823ರಲ್ಲಿ ಮುಂಬಯಿ ಸರ್ಕಾರಕ್ಕೆ ಇದನ್ನು ಇಂಗ್ಲೆಂಡಿಗೆ ಕಳಿಸುವ ಆಸೆ ಹುಟ್ಟಿತು. ಆದರೆ ರಸ್ತೆ ಆ ಭಾರ ತಾಳುವಂತಿರಲಿಲ್ಲ. (ಕೆಟ್ಟ ರಸ್ತೆಗೆ ನಾನು ಕೈಮುಗಿದದ್ದು ಇದೊಂದೇ ಸಲ.) 1854ರಲ್ಲಿ ಹರಾಜಿಗಿಟ್ಟರು. ಕೂಗಿದ ಹೆಚ್ಚಿನ ಬೆಲೆ 150 ರೂಪಾಯಿ! ತೀರ ಕಡಿಮೆಯಾಯಿತೆಂದು, ಜನ ಇದನ್ನು ಪೂಜಿಸುವುದನ್ನೂ ಬಲ್ಲ ಅಧಿಕಾರಿ ಹರಾಜು ರದ್ದು ಮಾಡಿದ.

"ನೂರೈವತ್ತಕ್ಕ? ನನ್ನ ಬೂಟಿಗೇ ಅದಕ್ಕಿಂತ ಹೆಚ್ಚ ಬಿದ್ದಿತ್ತು" ಎಂದರು ಕಾಕಾ.

ಬತ್ತಿ ಹಚ್ಚಿದವನು ಸಿಡಿತದ ಸದ್ದು ತಾಳಲಾರದೆ ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನೆಂಬ ಕಥೆ ಇಲ್ಲಿದೆ. ಕೇಳಿದವರೆಲ್ಲ ನಗುತ್ತಾರೆ. ಕಾಕಾ ನಗಲಿಲ್ಲ. "ಮುಳಗಲೇಬೇಕ್ರೀ. ಕಿವಿ ಹೋದ್ರ ಆವಾಗ ಪಿಂಚಣಿ ಯಾರ ಕೊಡತಿದ್ರು?"

ಸುಡುಬಿಸಿಲಲ್ಲೂ ಲೋಹ ತಣ್ಣಗಿತ್ತು. ಕಾಕಾ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಗಂಟೆಯಂತೆ ನಾದ ಎದ್ದಿತು. ಎಡಗಿವಿ ಆನಿಸಿ, ಅದು ಅಡಗುವವರೆಗೂ ಕೇಳಿದರು.

"ಬದುಕೈತಿ. ಇದರದೂ ಒಂದು ಸಹಿ ಬ್ಯಾಂಕಿನ್ಯಾಗ ಹಾಕಿಸಿಬಿಡೂಣೇನು?"