ಒಂದು ಮಂಡಲದ ರಜೆ

ಏಪ್ರಿಲ್ 11ರಿಂದ ಮೇ 28. ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಈಚಿನ ವರ್ಷಗಳಲ್ಲಿ ಬೇಸಿಗೆ ರಜೆಯೆಂದರೆ ಇಷ್ಟು. ಬೆರಳು ಮಡಚಿ ಎಣಿಸಿದರೆ ಸರಿಯಾಗಿ 48 ದಿನ, ದೇವಸ್ಥಾನದ ಲೆಕ್ಕದಲ್ಲಿ ಒಂದು ಮಂಡಲ. ಮಂಡಲ ಮುಗಿಯುವಷ್ಟರಲ್ಲಿ ವ್ರತ ಹಿಡಿದವರ ಮನಸ್ಸು ತಿಳಿಯಾಗುತ್ತದೆ ಅನ್ನುತ್ತಾರೆ. ಮಕ್ಕಳಿರುವ ಮನೆಗೆ ಈ ಮಾತು ಹೊಂದುವುದಿಲ್ಲ. ಮೊದಲ ವಾರ ಮುಗಿಯುವುದರೊಳಗೆ ಟೀವಿ ರಿಮೋಟಿನ ಮುಚ್ಚಳ ಕಳೆದಿರುತ್ತದೆ, ಫ್ರಿಜ್ಜಿನ ಬಾಟಲಿಗಳೆಲ್ಲ ಖಾಲಿಯಾಗಿ ಖಾಲಿಯೇ ವಾಪಸ್ ಒಳಗೆ ಹೋಗಿ ಕೂತಿರುತ್ತವೆ, ‘ಬೋರು’ ಎಂಬ ರಾಗ ಬೆಳಗಿನ ತಿಂಡಿಗೂ ಮೊದಲೇ ಶುರುವಾಗಿರುತ್ತದೆ.

ರಜೆ ಮಕ್ಕಳದು. ದೊಡ್ಡವರಿಗೆ ಅದು ಕೂಡಿ ಕಳೆಯುವ ಲೆಕ್ಕ. ಇಪ್ಪತ್ತು ದಿನ ದುಡಿದರೆ ಒಂದು ದಿನ ಗಳಿಕೆ ರಜೆ ಎಂಬುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ಬಂದ ನಿಯಮ. ವರ್ಷವಿಡೀ ತಪ್ಪದೆ ಕೆಲಸಕ್ಕೆ ಹೋದರೂ ಕೈಗೆ ಸಿಗುವುದು ಹದಿನೈದರ ಆಸುಪಾಸು. ಗಂಡ ಹೆಂಡತಿ ಇಬ್ಬರೂ ತಮ್ಮ ಪಾಲಿನದನ್ನು ಒಂದಕ್ಕೊಂದು ಗಂಟು ಹಾಕಿದರೂ ಮೇ ತಿಂಗಳ ಕೊನೆ ಮುಟ್ಟುವುದಿಲ್ಲ. ಮುಟ್ಟಿಸಿದರೆ, ಗೌರಿ ಹಬ್ಬಕ್ಕೂ ಜ್ವರಕ್ಕೂ ತಂಗಿಯ ಮದುವೆಗೂ ಒಂದು ದಿನ ಉಳಿಯುವುದಿಲ್ಲ. ಹೆಂಗಸರು ಹೆಚ್ಚಿರುವ ಕಾರ್ಖಾನೆಯಲ್ಲಿ ಶಿಶುವಿಹಾರ ಇರಬೇಕೆಂಬ ಕಾನೂನೂ ಅಷ್ಟೇ ಹಳೆಯದು. ಆದರೆ ಅದು ಆರು ವರ್ಷದೊಳಗಿನವರಿಗೆ. ನರೇಗಾ ಕೂಲಿಗೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಶುರುವಾದ ‘ಕೂಸಿನ ಮನೆ’, ಹೆಸರೇ ಹೇಳುವಂತೆ, ಕೂಸುಗಳಿಗೆ. ಎಂಟು ವರ್ಷದ ಮಗ, ಹತ್ತು ವರ್ಷದ ಮಗಳು ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಎಲ್ಲಿರಬೇಕು ಎಂಬುದಕ್ಕೆ ಯಾವ ಕಾಯ್ದೆಯಲ್ಲೂ ಉತ್ತರವಿಲ್ಲ. ಅವರು ಶಾಲೆಯಲ್ಲಿರುತ್ತಾರೆ ಎಂದು ಕಾನೂನು ಮಾಡಿದವರು ಅಂದುಕೊಂಡಿರಬೇಕು.

ಬೇಸಿಗೆ ಶಿಬಿರಗಳು ಇವೆಯಲ್ಲ ಎನ್ನಬಹುದು. ಇವೆ, ಬೀದಿಗೊಂದು. ಕೀಬೋರ್ಡ್, ಅಬ್ಯಾಕಸ್, ಸ್ಕೇಟಿಂಗ್, ರೊಬೊಟಿಕ್ಸ್, ವ್ಯಕ್ತಿತ್ವ ವಿಕಸನ. ಒಂಬತ್ತು ವರ್ಷದ ಮಗುವಿನ ವ್ಯಕ್ತಿತ್ವವನ್ನು ಹದಿನೈದು ದಿನದಲ್ಲಿ ವಿಕಸನಗೊಳಿಸುವ ಧೈರ್ಯ ಯಾರಿಗೆ ಹೇಗೆ ಬರುತ್ತದೋ ಕಾಣೆ. ಇವುಗಳ ನಡುವೆ ನಿಜಕ್ಕೂ ಒಳ್ಳೆಯವೂ ಇವೆ. ಬಿ.ವಿ. ಕಾರಂತರು ಕಟ್ಟಿದ ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’ದಲ್ಲಿ ಮಕ್ಕಳು ಬಣ್ಣ ಹಚ್ಚಿಕೊಂಡು, ಹಾಡಿ, ಕೊನೆಗೆ ನಾಟಕವನ್ನೇ ಆಡಿ ಮನೆಗೆ ಬರುತ್ತಾರೆ. ಅಲ್ಲಿ ಸೀಟು ಸಿಕ್ಕರೆ ಪುಣ್ಯ. ಆದರೆ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಬಡಾವಣೆಯ ಶಿಬಿರಗಳಲ್ಲಿ ಹೆಚ್ಚಿನವು ಹತ್ತಕ್ಕೆ ಶುರುವಾಗಿ ಒಂದಕ್ಕೆ ಮುಗಿಯುತ್ತವೆ. ಕರೆದುಕೊಂಡು ಹೋಗಿ ಬಿಡಲು ಒಬ್ಬರು, ಉರಿಬಿಸಿಲಲ್ಲಿ ಕರೆತರಲು ಒಬ್ಬರು, ಆಮೇಲೆ ಅನ್ನ ಕಲಸಿ ಕೊಡಲು ಒಬ್ಬರು ಬೇಕು. ಈ ವೇಳಾಪಟ್ಟಿ ಬರೆದವರ ಮನಸ್ಸಿನಲ್ಲಿ, ಮನೆಯಲ್ಲಿ ಒಬ್ಬ ಹೆಂಗಸು ಯಾವಾಗಲೂ ಇದ್ದೇ ಇರುತ್ತಾಳೆ.

ಕಲಬುರಗಿ ಕಡೆ ಬೇಸಿಗೆಯ ನಡೆ ಬೇರೆ. ಆ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ, ಏಪ್ರಿಲ್ ಮತ್ತು ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲಿಗೆಂದು ಮಾಡಿದ ಏರ್ಪಾಡು ತಾಯಂದಿರಿಗೂ ಒದಗಿಬಂದಿದೆ. ರಾಯಚೂರಿನಲ್ಲಿ ನೌಕರಿಯಲ್ಲಿರುವ ಗೆಳತಿಗೆ ಹಾಗೆಂದರೆ ನಕ್ಕಳು: “ಎರಡಕ್ಕ ಮನ್ಯಾಗ ಇರ್ತೀನವಾ, ಖರೆ. ಆದ್ರ ಐದರ ಮಟ ಹುಡುಗ್ರನ್ನ ಹೊರಗ ಬಿಡಂಗಿಲ್ಲ. ಕರೆಂಟ್ ಹೋತಂದ್ರ ಒಳಗೂ ಇರಂಗಿಲ್ಲ.” ಅದೇ ನಾಡಿನಲ್ಲಿ ರಜೆ ಬಂದರೆ ಮಧ್ಯಾಹ್ನದ ಊಟವೇ ನಿಂತುಹೋಗುವ ಮಕ್ಕಳೂ ಇದ್ದಾರೆ. 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದಾಗ, 2024ರ ಬೇಸಿಗೆಯಲ್ಲಿ ಸರ್ಕಾರ ರಜೆಯಲ್ಲೂ ಬಿಸಿಯೂಟ ಬೇಯಿಸಿತು. ಬಿಸಿಯೂಟದ ಅಡುಗೆಯವರಿಗೆ ಆ ವರ್ಷ ರಜೆಯಿರಲಿಲ್ಲ.

ಹೀಗೆ ಎಲ್ಲ ಬಾಗಿಲು ತಟ್ಟಿ ಬಂದ ಮೇಲೆ ಉಳಿಯುವುದು ಒಂದೇ. ಅಜ್ಜಿ ಮನೆ.

ಅಜ್ಜಿ ಮನೆಗೆ ಹೊರಡುವುದಕ್ಕೂ ಮುಂದಾಲೋಚನೆ ಬೇಕು. 2024ರ ನವೆಂಬರ್‌ನಿಂದ ರೈಲಿನ ಮುಂಗಡ ಕಾಯ್ದಿರಿಸುವಿಕೆ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಏಪ್ರಿಲ್ ಎರಡನೇ ವಾರಕ್ಕೆ ಬೆಂಗಳೂರಿನಿಂದ ಶಿವಮೊಗ್ಗದ ರೈಲು ಹಿಡಿಯಬೇಕಾದರೆ ಫೆಬ್ರುವರಿ ಎರಡನೇ ವಾರ ಬೆಳಿಗ್ಗೆ ಎದ್ದು ಮೊಬೈಲ್ ಹಿಡಿದು ಕೂರಬೇಕು. ಆಗಿನ್ನೂ ಪರೀಕ್ಷೆಯ ವೇಳಾಪಟ್ಟಿ ಬಂದಿರುವುದಿಲ್ಲ, ಮೇಲಧಿಕಾರಿ ರಜೆಗೆ ಹೂಂ ಅಂದಿರುವುದಿಲ್ಲ. ಬಸ್ಸೇ ವಾಸಿ ಎಂದು ಹತ್ತಿದರೆ ಅಲ್ಲಿ ಬೇರೆ ತಮಾಷೆ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಅಮ್ಮನಿಗೂ ಅಕ್ಕನಿಗೂ ಶೂನ್ಯ ಟಿಕೆಟ್, ಪಕ್ಕದಲ್ಲಿ ಕೂತ ತಮ್ಮನಿಗೆ ಮಾತ್ರ ಅರ್ಧ ಟಿಕೆಟ್. “ನಂದಕ್ಕೆ ದುಡ್ಡು ಕೊಟ್ಟಿದೆ, ಕಿಟಕಿ ನಂದೇ” ಎಂದು ಅವನ ವಾದ. ತರೀಕೆರೆ ದಾಟುವವರೆಗೂ ಈ ವ್ಯಾಜ್ಯ ನಡೆಯುತ್ತದೆ. ಆಮೇಲೆ ಇಬ್ಬರಿಗೂ ವಾಂತಿ ಬಂದು, ಕಿಟಕಿ ಇಬ್ಬರದೂ ಆಗುತ್ತದೆ.

ನನ್ನ ತವರು ತೀರ್ಥಹಳ್ಳಿ ಕಡೆಯ ಹಳ್ಳಿ. ಅಲ್ಲಿಗೆ ಹೋಗಿ ಮುಟ್ಟಿದ ಮೊದಲ ನಾಲ್ಕು ದಿನ ಸ್ವರ್ಗ. ಮಾವನ, ಚಿಕ್ಕಮ್ಮನ ಮಕ್ಕಳೆಲ್ಲ ಸೇರುತ್ತಾರೆ. ಜಗುಲಿಯಲ್ಲಿ ಉದ್ದಕ್ಕೆ ಹಾಸಿಗೆ, ಯಾರು ಗೋಡೆ ಬದಿ ಯಾರು ನಡುವೆ ಎಂಬ ತಕರಾರು, ಕತ್ತಲಲ್ಲಿ ಯಾರೋ ಒಬ್ಬರು ಹೂಸು ಬಿಟ್ಟದ್ದಕ್ಕೆ ಅರ್ಧ ಗಂಟೆ ನಗು. ಅಟ್ಟದಿಂದ ಚನ್ನೆಮಣೆ ಇಳಿಯುತ್ತದೆ. ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿಂದು ಹಲ್ಲು ಚುಳ್ಳೆನ್ನುತ್ತದೆ. ನಗರದಲ್ಲಿ ಹಾಲು ಮುಟ್ಟದ ಹುಡುಗ ಇಲ್ಲಿ ಮಜ್ಜಿಗೆಯನ್ನು ಚೊಂಬಿನಲ್ಲೇ ಕುಡಿಯುತ್ತಾನೆ. ಈ ಸಂತೋಷ ಸುಳ್ಳಲ್ಲ. ಯಾವ ಶಿಬಿರವೂ ಕಲಿಸದ ಒಂದನ್ನು, ತನಗಿಂತ ದೊಡ್ಡವರ ನಡುವೆ ತನ್ನ ಪಾಲು ಹೇಗೆ ಕೇಳಿ ಪಡೆಯಬೇಕೆಂಬುದನ್ನು, ಮಕ್ಕಳು ಇಲ್ಲಿ ಎರಡೇ ದಿನದಲ್ಲಿ ಕಲಿಯುತ್ತಾರೆ.

ಐದನೇ ದಿನದಿಂದ ಅಡುಗೆಮನೆಯತ್ತ ನೋಡಬೇಕು.

ನಾವು ಚಿಕ್ಕವರಿದ್ದಾಗ ಇದೇ ಮನೆಯಲ್ಲಿ ಬೇಸಿಗೆಯೆಂದರೆ ಹಲಸಿನಕಾಯಿ ಹಪ್ಪಳದ ಕಾಲ. ಬಲಿತ ಕಾಯಿ ಕೊಯ್ದು, ಕೈಗೆ ಎಣ್ಣೆ ಸವರಿಕೊಂಡು ಮೇಣ ಬಿಡಿಸಿ, ತೊಳೆ ಬೇಯಿಸಿ, ಉಪ್ಪು ಖಾರ ಜೀರಿಗೆ ಹಾಕಿ ಒರಳಲ್ಲಿ ಗುದ್ದುತ್ತಿದ್ದರು. ದೊಡ್ಡಮ್ಮ ಉಂಡೆ ಕಟ್ಟಿದರೆ ಅತ್ತೆ ಒತ್ತುವುದು, ನಾವು ಮಕ್ಕಳು ಚಾಪೆಯ ಮೇಲೆ ಹಾಕಿ ಕಾಗೆ ಕಾಯುವುದು. ಕಾಯುವ ಕೂಲಿಗೆ ಹಸಿ ಹಿಟ್ಟಿನ ಉಂಡೆ, ಮೇಲೆ ಕೊಬ್ಬರಿ ಎಣ್ಣೆ. ಮಧ್ಯಾಹ್ನ ಗುಡುಗಿದರೆ ಎಲ್ಲರೂ ಓಡಿ ಚಾಪೆ ಒಳಗೆಳೆಯಬೇಕು. ಇದನ್ನು ನೆನೆಸಿಕೊಂಡು ಪುಳಕಗೊಳ್ಳುವ ಬರಹಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಅವುಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿ ಒಂದಿದೆ. ಆ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ಎಂಬ ಪ್ರತ್ಯೇಕ ಕೆಲಸವೇ ಇರಲಿಲ್ಲ. ನಾಲ್ಕೈದು ಹೆಂಗಸರು ಒಂದೆಡೆ ಕೂತು ದುಡಿಯುತ್ತಿದ್ದರು, ಹತ್ತು ಮಕ್ಕಳು ಅವರ ಕಣ್ಣಳತೆಯಲ್ಲಿ ಇರುತ್ತಿದ್ದವು. ಒಬ್ಬಳು ಏಳಬೇಕಾದರೆ ಇನ್ನೊಬ್ಬಳು ಇದ್ದಳು.

ಈಗ ಆ ಮನೆಯಲ್ಲಿ ಇರುವುದು ಇಬ್ಬರೇ, ಅರವತ್ತೈದು ದಾಟಿದವರು. ಅಡಿಕೆ ಕೊನೆ ಕೊಯ್ಯಲು ಆಳು ಸಿಗದೆ ತೋಟದ ಚಿಂತೆಯಲ್ಲಿರುವ ಅಪ್ಪ, ಮಂಡಿನೋವಿನ ಅಮ್ಮ. ಅಲ್ಲಿಗೆ ನಾವು ನಮ್ಮ ನಮ್ಮ ಊರುಗಳಿಂದ ಮಕ್ಕಳನ್ನು ತಂದು ಬಿಟ್ಟು, ಭಾನುವಾರ ರಾತ್ರಿಯ ಬಸ್ಸಿಗೆ ಹಿಂದಿರುಗುತ್ತೇವೆ. ಒಬ್ಬಳಿಗೆ ದೋಸೆಗೆ ಬೆಲ್ಲ ಬೇಕು, ಒಬ್ಬನಿಗೆ ಸಾಸ್. ಬಾವಿಯ ನೀರು ಮೇ ತಿಂಗಳಲ್ಲಿ ತಳ ಮುಟ್ಟಿರುತ್ತದೆ, ಆದರೆ ಇವರ ಸ್ನಾನಕ್ಕೆ ಹಂಡೆ ಎರಡು ಸಲ ತುಂಬಬೇಕು. ರಾತ್ರಿ ಏಳೂವರೆಗೆ ಐಪಿಎಲ್ ಶುರುವಾಯಿತೆಂದರೆ ಊಟ ಹನ್ನೊಂದಕ್ಕೆ. ಸಂಜೆ ಮಾವ ಹಳ್ಳಕ್ಕೆ ಕರೆದೊಯ್ದು ಈಜು ಕಲಿಸಿದ್ದು ಮಕ್ಕಳ ನೆನಪಿನಲ್ಲಿ ಜೀವನವಿಡೀ ಉಳಿಯುತ್ತದೆ. ಆ ಒದ್ದೆ ಚಡ್ಡಿಗಳನ್ನು ಯಾರು ಒಗೆದರು ಎಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಕಾಯುವ ಕೆಲಸವೂ ಹಗುರಾಗಿಲ್ಲ. ಮಲೆನಾಡಿನಲ್ಲಿ ಬೇಸಿಗೆ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಜ್ವರವನ್ನು ಹರಡುವುದು ಉಣುಗು. ಮಕ್ಕಳಿಗೆ ಕಾಡಿನ ಹಣ್ಣಿನ ಆಸೆ, ಅಜ್ಜಿಗೆ ಉಣುಗಿನ ಭಯ. ಆಶಾ ಕಾರ್ಯಕರ್ತೆ ಕೊಟ್ಟುಹೋದ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳದೆ ಬೇಲಿ ದಾಟುವಂತಿಲ್ಲ, ಬಂದ ಕೂಡಲೇ ಬಿಸಿನೀರಿನ ಸ್ನಾನ. ಬಯಲುಸೀಮೆಯ ಅಜ್ಜಿಯರಿಗೆ ಇನ್ನೂ ದೊಡ್ಡ ಭಯವಿದೆ. ಬೇಸಿಗೆ ಬಂದರೆ ಕೆರೆಯಲ್ಲಿ, ಕಾಲುವೆಯಲ್ಲಿ, ಕೃಷಿ ಹೊಂಡದಲ್ಲಿ ಮುಳುಗಿದ ಮಕ್ಕಳ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ತಪ್ಪುವುದಿಲ್ಲ. ಹೊಂಡದ ಅಪಾಯ ಅದರ ಆಳದಲ್ಲಿ ಮಾತ್ರವಿಲ್ಲ. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಈಜು ಬಂದರೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಹಿಡಿಯಲು ಹೋದ ಅಣ್ಣನೂ ಜಾರುತ್ತಾನೆ. ಈಗ ಕೃಷಿಭಾಗ್ಯದ ಪ್ಯಾಕೇಜಿನಲ್ಲಿ ಹೊಂಡದ ಸುತ್ತ ತಂತಿಬೇಲಿಯೂ ಸೇರಿದೆ. ಹಳೆಯ ಹೊಂಡಗಳಲ್ಲಿ ಬೇಲಿಯಿಲ್ಲದವು ಎಷ್ಟೋ. ದಡಕ್ಕೆ ಗೂಟ ಬಡಿದು ಗಂಟು ಹಾಕಿದ ಒಂದು ಹಗ್ಗ ನೀರಿಗೆ ಇಳಿಬಿಟ್ಟರೆ ಹತ್ತಲು ಆಸರೆಯಾದೀತು. ಊರಿಗೆ ಹೋದವರು ಮಕ್ಕಳಿಗೆ ಮಾವಿನ ತೋಪು ತೋರಿಸುವ ಮೊದಲು ಹೊಂಡ ತೋರಿಸಿ, ಇಲ್ಲಿಗೆ ಬರಕೂಡದೆಂದು ಹೇಳುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ್ದು ಅಜ್ಜಿ ಮನೆ ಬೇಡ ಎನ್ನಲಿಕ್ಕಲ್ಲ. ಅದಿಲ್ಲದ ಬೇಸಿಗೆಯನ್ನು ನನಗೆ ಊಹಿಸಲೂ ಆಗದು. ಆದರೆ ನಗರದ ಎರಡು ಸಂಬಳದ ಸಂಸಾರ ನಿಂತಿರುವುದು ಊರಿನ ಒಬ್ಬ ಮುದುಕಿಯ ಸಂಬಳವಿಲ್ಲದ ಏಳು ವಾರದ ಮೇಲೆ ಎಂಬುದನ್ನು ‘ಅಜ್ಜಿಗೆ ಮೊಮ್ಮಕ್ಕಳೆಂದರೆ ಪ್ರಾಣ’ ಎಂಬ ಮಾತಿನಿಂದ ಮುಚ್ಚಬಾರದು. ಪ್ರಾಣ ಹೌದು, ಮಂಡಿ ನೋಯುವುದೂ ಹೌದು. ನಮ್ಮಲ್ಲಿ ಈಗೀಗ ಒಂದು ಏರ್ಪಾಡಾಗಿದೆ. ಅಣ್ಣ ತಂಗಿಯರೆಲ್ಲ ವಾರ ಹಂಚಿಕೊಂಡು, ಯಾವಾಗಲೂ ಒಬ್ಬರಾದರೂ ಅಲ್ಲಿರುವಂತೆ ರಜೆ ಹಾಕುತ್ತೇವೆ. ಅಣ್ಣನ ವಾರದಲ್ಲಿ ಅಡುಗೆ ಅಣ್ಣನದೇ. ಮೊದಲ ದಿನದ ಸಾರಿಗೆ ಉಪ್ಪು ಹೆಚ್ಚಾಗಿತ್ತು, ಮಕ್ಕಳು ಗಲಾಟೆ ಮಾಡದೆ ತಿಂದವು. ಅಮ್ಮ ಮಾತ್ರ ಎರಡು ದಿನ ಒಲೆಯ ಸುತ್ತ ಸುಳಿದಾಡಿದರು, ಮೂರನೆಯ ದಿನ ಜಗುಲಿಯಲ್ಲಿ ಕಾಲು ಚಾಚಿ ಕೂತು ವಾರಪತ್ರಿಕೆ ಓದಿದರು. ಸಂಬಂಧಿಕರಲ್ಲಿ ಕೆಲವರಿಗೆ ಇದು ಸರಿಬರಲಿಲ್ಲ. ಗಂಡಸು ಅತ್ತೆ ಮನೆಯಲ್ಲಿ ಮಾಡಿದ್ದರೆ ಇನ್ನೂ ಏನೆನ್ನುತ್ತಿದ್ದರೋ. ನಮ್ಮ ಭಾವನಿಗೆ ಮುಂದಿನ ವರ್ಷ ಆ ಅವಕಾಶ ಬರಲಿದೆ.

ಮೇ ಕೊನೆಯ ವಾರ ಎಲ್ಲ ಉಲ್ಟಾ. ಊರಿಂದ ಬರುವ ಬಸ್ಸುಗಳು ತುಂಬಿ, ಡಿಕ್ಕಿಯಲ್ಲಿ ಹಲಸಿನಹಣ್ಣು ಘಮಘಮಿಸುತ್ತದೆ. ಮಾರ್ಚ್‌ನಲ್ಲಿ ಸರಿಯಾಗಿದ್ದ ಶೂ ಈಗ ಕಾಲಿಗೆ ಹಿಡಿಯುವುದಿಲ್ಲ. ಪುಸ್ತಕಗಳಿಗೆ ಬೈಂಡ್ ಹಾಕಬೇಕು, ಲೇಬಲ್ ಅಂಟಿಸಬೇಕು, ಶುಲ್ಕದ ಮೊದಲ ಕಂತು ಕಟ್ಟಬೇಕು. 29ಕ್ಕೆ ಶಾಲೆ. ಅಂದು ಸಂಜೆ ಮಕ್ಕಳ ಸಡಗರ ಹೇಳೋಣವೆಂದು ಅಮ್ಮನಿಗೆ ಫೋನ್ ಮಾಡಿದೆ. ಮಂಡಿ ಹೇಗಿದೆ ಅಂದೆ.

“ಅದಿರಲಿ. ಬರೋ ವಾರ ಫೋನ್ ಮಾಡ್ಬೇಡ ಮಾರಾಯ್ತಿ, ನಾ ಊರಲ್ಲಿ ಇರಲ್ಲ. ನಮ್ಮ ಸಂಘದವರೆಲ್ಲ ಸೇರಿ ಶೃಂಗೇರಿ, ಹೊರನಾಡು, ಧರ್ಮಸ್ಥಳ ಹೊರಟಿದೀವಿ. ಬಸ್ಸಿಗೆ ಹೆಂಗೂ ದುಡ್ಡಿಲ್ಲ.”

“ಅಪ್ಪನ ಊಟಕ್ಕೆ?”

“ಎಂತಕ್ಕೆ, ಅಕ್ಕಿ ಡಬ್ಬಿ ಎಲ್ಲಿದೆ ಅಂತ ತೋರಿಸಿ ಹೋಗ್ತೀನಿ.”