ಬೆಲ್ಲದ ಮಫಿನ್ನಿನಲ್ಲೂ ಇರುವುದು ಸಕ್ಕರೆಯೇ

‘ಸಕ್ಕರೆ ಒಂದು ಚೂರೂ ಹಾಕಿಲ್ಲ, ಬರೀ ಬೆಲ್ಲ.’ ಮನೆಯಲ್ಲಿ ಮಫಿನ್ ಮಾಡುವವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ಗೋಧಿ ಹಿಟ್ಟು, ಕಳಿತ ಬಾಳೆಹಣ್ಣು, ಒಂದಿಷ್ಟು ಓಟ್ಸ್, ಮೇಲೆ ನಾಲ್ಕು ಬಾದಾಮಿ ಚೂರು. ಬೆಳಗಿನ ತಿಂಡಿಗೆ ಇದಕ್ಕಿಂತ ಒಳ್ಳೆಯದು ಇನ್ನೇನಿದೆ ಎಂಬ ಧೈರ್ಯದಲ್ಲಿ ಮಕ್ಕಳ ತಟ್ಟೆಗೆ ಎರಡು, ಶುಗರ್ ಇರುವ ಮಾವನವರ ತಟ್ಟೆಗೂ ಎರಡು ಬೀಳುತ್ತವೆ. ಹುಟ್ಟುಹಬ್ಬದ ದಿನ ಕೇಕನ್ನು ತೆಳ್ಳಗೆ ಕತ್ತರಿಸಿ ಕೊಡುವವರೇ ಹೆಚ್ಚುಕಡಿಮೆ ಅದೇ ಹಿಟ್ಟನ್ನು ಕಾಗದದ ಬಟ್ಟಲಲ್ಲಿ ಬೇಯಿಸಿದಾಗ ಲೆಕ್ಕ ಬಿಟ್ಟುಬಿಡುತ್ತಾರೆ.

ಬೆಲ್ಲ ಏನೆಂದು ತಿಳಿಯಬೇಕಾದರೆ ಮಂಡ್ಯದ ಕಡೆ ಒಂದು ಆಲೆಮನೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಒಣಗಿದ ಕಬ್ಬಿನ ಸಿಪ್ಪೆಯ ಉರಿಯಲ್ಲಿ ಅದು ಕುದಿಯುವಾಗ ಒಂದಿಷ್ಟು ಸುಣ್ಣ ಹಾಕುತ್ತಾರೆ, ಕೆಲವರು ಬೆಂಡೆ ಗಿಡದ ಲೋಳೆಯನ್ನೂ ಬೆರೆಸುತ್ತಾರೆ. ಕೊಳೆಯೆಲ್ಲ ನೊರೆಯ ಜೊತೆ ಮೇಲೆ ಬರುತ್ತದೆ, ಅದನ್ನು ತೆಗೆದು ಹಾಕುತ್ತಾರೆ. ನೀರು ಆವಿಯಾಗುತ್ತ ಪಾಕ ಗಟ್ಟಿಯಾಗುತ್ತದೆ, ಹದ ನೋಡಿ ಇಳಿಸಿ ಅಚ್ಚಿಗೆ ಸುರಿಯುತ್ತಾರೆ. ಈ ಕೆಲಸದಲ್ಲಿ ಕಬ್ಬಿನ ಹಾಲಿನಿಂದ ಹೋದದ್ದು ನೀರು ಮತ್ತು ಕೊಳೆ. ಸಕ್ಕರೆ ಎಲ್ಲೂ ಹೋಗಿಲ್ಲ. ಕಾರ್ಖಾನೆಯಲ್ಲಿ ಹರಳನ್ನೂ ಕಾಕಂಬಿಯನ್ನೂ ಬೇರೆ ಮಾಡುತ್ತಾರೆ, ಆಲೆಮನೆಯಲ್ಲಿ ಎರಡೂ ಒಂದೇ ಅಚ್ಚಿನಲ್ಲಿ ಉಳಿಯುತ್ತವೆ. ಬಿಳಿ ಸಕ್ಕರೆಯಲ್ಲಿ ಸುಕ್ರೋಸ್ ಶೇಕಡಾ 99ಕ್ಕಿಂತ ಹೆಚ್ಚು. ಬೆಲ್ಲದಲ್ಲಿ ಅದು ಶೇಕಡಾ 65ರಿಂದ 85, ಅದರ ಮೇಲೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಸೇರಿ ಇನ್ನೊಂದು ಹತ್ತು ಹದಿನೈದು. ಉಳಿದದ್ದು ತೇವ ಮತ್ತು ಸ್ವಲ್ಪ ಖನಿಜ. ಸುಕ್ರೋಸ್ ಬೆಲ್ಲದಿಂದ ಬಂತೋ ಸಕ್ಕರೆ ಡಬ್ಬಿಯಿಂದ ಬಂತೋ ಎಂದು ಸಣ್ಣ ಕರುಳು ವಿಚಾರಿಸುವುದಿಲ್ಲ. ಎರಡನ್ನೂ ಒಂದೇ ರೀತಿ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆದು ರಕ್ತಕ್ಕೆ ಬಿಡುತ್ತದೆ. ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ ಸುಮಾರು 380.

ಇನ್ನು ಮಫಿನ್ನಿನ ಲೆಕ್ಕ ನೋಡೋಣ. ಹನ್ನೆರಡು ಮಫಿನ್‌ಗೆ ಎರಡು ಕಪ್ ಗೋಧಿ ಹಿಟ್ಟು, ಒಂದು ಕಪ್ ಪುಡಿ ಬೆಲ್ಲ, ಅರ್ಧ ಕಪ್ ಎಣ್ಣೆ, ಒಂದು ಕಪ್ ಮೊಸರು ಎಂಬುದು ಮನೆಮನೆಯಲ್ಲಿ ನಡೆಯುವ ಅಳತೆ. ಒಂದು ಕಪ್ ಬೆಲ್ಲ 180 ಗ್ರಾಂ ತೂಗಿತೆಂದರೆ ಒಂದೊಂದು ಮಫಿನ್‌ಗೆ 15 ಗ್ರಾಂ ಬಂತು. ಅಂದರೆ ಮೂರು ಚಮಚಕ್ಕೂ ಮಿಕ್ಕಿದ ಸಕ್ಕರೆ. ಕಾಫಿಗೆ ಮೂರು ಚಮಚ ಸಕ್ಕರೆ ಹಾಕಿ ಮಗುವಿನ ಕೈಗೆ ಕೊಡುವ ತಾಯಿ ಯಾರೂ ಇರಲಿಕ್ಕಿಲ್ಲ. ಹೊರಗಿನಿಂದ ಸೇರಿಸುವ ಸಕ್ಕರೆ ದಿನದ ಒಟ್ಟು ಶಕ್ತಿಯ ಹತ್ತನೇ ಒಂದು ಪಾಲಿಗಿಂತ ಕಡಿಮೆ ಇರಲಿ, ಅದರ ಅರ್ಧಕ್ಕೆ ಇಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆ ಅರ್ಧವೆಂದರೆ ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ. ಎರಡು ಮಫಿನ್ ತಿಂದರೆ ಬೆಳಗ್ಗೆ ಎಂಟಕ್ಕೇ ಆ ಲೆಕ್ಕ ಮುಗಿಯಿತು. ಎಣ್ಣೆ, ಹಿಟ್ಟು ಎಲ್ಲ ಸೇರಿ ಒಂದು ಮಫಿನ್‌ಗೆ 200 ಕ್ಯಾಲೊರಿ ದಾಟುತ್ತದೆ ಎಂಬುದು ಅದರ ಮೇಲಿನ ಮಾತು.

ಇಷ್ಟು ಹೇಳಿದ ಕೂಡಲೇ ‘ಆದರೆ ಬೆಲ್ಲದಲ್ಲಿ ಕಬ್ಬಿಣದ ಅಂಶ ಇದೆಯಲ್ಲ?’ ಎಂಬ ಪ್ರಶ್ನೆ ಬರುತ್ತದೆ. ಇದೆ. ನೂರು ಗ್ರಾಂಗೆ ಕೆಲವೇ ಮಿಲಿಗ್ರಾಂ. ಹದಿನೈದು ಗ್ರಾಂ ಬೆಲ್ಲದಲ್ಲಿ ಸಿಗುವುದು ಸಾಮಾನ್ಯವಾಗಿ ಒಂದು ಮಿಲಿಗ್ರಾಂ ಕೂಡ ಇಲ್ಲ. ನಮ್ಮ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ಅದನ್ನು ಬೆಲ್ಲದಿಂದಲೇ ತುಂಬಿಸುತ್ತೇನೆ ಎಂದು ಹೊರಟರೆ ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಬೆಲ್ಲ ತಿನ್ನಬೇಕಾದೀತು. ರಕ್ತಹೀನತೆಗೆ ವೈದ್ಯರು ಕೊಟ್ಟ ಮಾತ್ರೆಯನ್ನು ಡಬ್ಬಿಯಲ್ಲೇ ಬಿಟ್ಟು ಬೆಲ್ಲ ನೆಚ್ಚಿಕೊಂಡು ಕೂತವರನ್ನು ನಾನು ಕಂಡಿದ್ದೇನೆ. ನನ್ನ ಸಿಟ್ಟಿಗೆ ಕಾರಣ ಇದು. ಈ ನಂಬಿಕೆಯಿಂದ ಯಾರಿಗೂ ತೊಂದರೆ ಇಲ್ಲ ಎನ್ನುವ ಹಾಗಿಲ್ಲ. ಶುಗರ್ ಇರುವವರ ಮನೆಯಲ್ಲಂತೂ ಇದು ನೇರ ಅಪಾಯ. ರಕ್ತದ ಸಕ್ಕರೆ ಏರಿಸುವುದರಲ್ಲಿ ಬೆಲ್ಲವೇನೂ ಹಿಂದೆ ಬೀಳುವುದಿಲ್ಲ. ಹಿರಿಯರು ಪಥ್ಯ ಮುರಿದಿದ್ದೇವೆಂದು ತಿಳಿಯದೆಯೇ ಮುರಿಯುತ್ತಾರೆ, ಮುಂದಿನ ಪರೀಕ್ಷೆಯಲ್ಲಿ ಅಂಕಿ ಏರಿದಾಗ ಮಾತ್ರೆ ಸರಿಯಿಲ್ಲ ಎನ್ನುತ್ತಾರೆ.

ಅಂಗಡಿಯಲ್ಲಿ ಆರೋಗ್ಯಕ್ಕೆಂದು ಬೆಲ್ಲ ಕೇಳುವವರು ಕೈಗೆತ್ತಿಕೊಳ್ಳುವುದು ಸಾಮಾನ್ಯವಾಗಿ ಹೊಳೆಯುವ ಹಳದಿ ಅಚ್ಚನ್ನು. ಕಬ್ಬಿನ ಹಾಲು ಕುದಿದು ಗಟ್ಟಿಯಾದರೆ ಬಣ್ಣ ಕಂದಿಗೆ ತಿರುಗುವುದು ಸಹಜ. ಆ ಹಳದಿ ಬಹಳ ಕಡೆ ಹೈಡ್ರೋಸ್ ಎಂಬ ಗಂಧಕದ ರಾಸಾಯನಿಕದಿಂದ ಬರುತ್ತದೆ. ಗಿರಾಕಿ ಹಳದಿಯನ್ನೇ ಕೇಳುವುದರಿಂದ ಆಲೆಮನೆಯವರೂ ಅದನ್ನೇ ಮಾಡಿಕೊಡುತ್ತಾರೆ.

ಬೆಲ್ಲ ಬೇಡ ಎಂದು ನಾನು ಹೇಳುತ್ತಿಲ್ಲ. ಮಫಿನ್‌ಗೆ ಬೆಲ್ಲ ಹಾಕಲು ಒಳ್ಳೆಯ ಕಾರಣಗಳಿವೆ, ಎಲ್ಲವೂ ರುಚಿಗೆ, ಹದಕ್ಕೆ ಸೇರಿದವು. ಅದರಲ್ಲಿರುವ ಕಾಕಂಬಿಯ ಅಂಶ ತೇವ ಹಿಡಿದಿಡುತ್ತದೆ, ಹಾಗಾಗಿ ಮಾರನೆಯ ದಿನವೂ ಮಫಿನ್ ಒಣಗುವುದಿಲ್ಲ. ಮೇಲ್ಮೈ ಚೆನ್ನಾಗಿ ಕೆಂಪಾಗುತ್ತದೆ. ಮಲೆನಾಡಿನ ಜೋನಿ ಬೆಲ್ಲವನ್ನು ಬಾಳೆಹಣ್ಣಿನ ಜೊತೆ ಕಲಸಿ ಬೇಯಿಸಿದಾಗ ಬರುವ ಘಮ ಸಕ್ಕರೆಗೆ ಎಂದೂ ಬರಲಾರದು. ಆ ರುಚಿಗಾಗಿ ಹಾಕಿ, ಒಂದು ಕಪ್ಪಿನ ಬದಲು ಅರ್ಧ ಕಪ್ ಹಾಕಿ. ಹಣ್ಣು ಚೆನ್ನಾಗಿ ಕಳಿತಿದ್ದರೆ ಸಿಹಿ ಸಾಲದೆ ಹೋಗುವುದಿಲ್ಲ.

ರಾಗಿ ಮಫಿನ್ನಿನದೂ ಇದೇ ಕಥೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂಬುದು ನಿಜ. ಆದರೆ ರಾಗಿಯಲ್ಲಿ ಗ್ಲುಟೆನ್ ಇಲ್ಲದ್ದರಿಂದ ಬರೀ ರಾಗಿಯ ಮಫಿನ್ ಪುಡಿಪುಡಿಯಾಗುತ್ತದೆ ಎಂದು ಅರ್ಧ ಗೋಧಿ ಬೆರೆಸುತ್ತಾರೆ. ಆಗ ಒಂದು ಮಫಿನ್‌ಗೆ ಬರುವುದು ಹತ್ತು ಗ್ರಾಂ ರಾಗಿ, 35 ಮಿಲಿಗ್ರಾಂ ಕ್ಯಾಲ್ಸಿಯಂ. ರಾಗಿಯ ಗುಣ ಬೇಕಿದ್ದರೆ ಮುದ್ದೆ ಇದೆ, ಅಂಬಲಿ ಇದೆ, ರೊಟ್ಟಿ ಇದೆ.

ಉಳಿದ ನಂಬಿಕೆಗಳಿಗೆ ಹೆಚ್ಚು ಮಾತು ಬೇಡ. ಹೆಚ್ಚು ಹೊತ್ತು ಕಲಸಿದರೆ ಮಫಿನ್ ಮೃದುವಾಗುತ್ತದೆ ಎಂಬುದು ತಲೆಕೆಳಗಾದ ಮಾತು. ಕಲಸಿದಷ್ಟೂ ಗ್ಲುಟೆನ್ ಬಿಗಿಯುತ್ತದೆ, ಮಫಿನ್ ರಬ್ಬರಾಗುತ್ತದೆ. ಅಡುಗೆ ಸೋಡಾ, ಬೇಕಿಂಗ್ ಪೌಡರ್ ಎರಡೂ ಒಂದೇ ಅಲ್ಲ: ಸೋಡಾಗೆ ಮೊಸರಿನಂಥ ಹುಳಿ ಜೊತೆಗಿರಬೇಕು, ಬೇಕಿಂಗ್ ಪೌಡರಿನಲ್ಲಿ ಹುಳಿ ಮೊದಲೇ ಸೇರಿದೆ. ಈನೋ ಹಾಕಿದ ಹಿಟ್ಟನ್ನು ಬೇಯಿಸದೆ ಹಾಗೇ ಇಡಬೇಡಿ, ಅದರ ಗಾಳಿಯೆಲ್ಲ ಆಗಲೇ ಹೋಗಿಬಿಡುತ್ತದೆ. ಕಂದು ಸಿಪ್ಪೆಯ ಮೊಟ್ಟೆಯಲ್ಲಿ ಹೆಚ್ಚು ಸತ್ವವಿಲ್ಲ, ಸಿಪ್ಪೆಯ ಬಣ್ಣ ಕೋಳಿಯ ತಳಿಯಿಂದ ಬರುತ್ತದೆ. ಬ್ರೌನ್ ಶುಗರ್ ಎಂದು ದುಬಾರಿಗೆ ಮಾರುವುದು ಬಹುಮಟ್ಟಿಗೆ ಕಾಕಂಬಿ ಸವರಿದ ಬಿಳಿ ಸಕ್ಕರೆ. ಮೈದಾ ಬೆಳ್ಳಗಿರುವುದು ಮುಖ್ಯವಾಗಿ ಗೋಧಿಯ ತೌಡನ್ನೂ ಮೊಳಕೆಯ ಭಾಗವನ್ನೂ ತೆಗೆದಿರುವುದರಿಂದ. ಇಲಿಗಳಿಗೆ ಸಕ್ಕರೆ ಕಾಯಿಲೆ ಬರಿಸುವ ಅಲಾಕ್ಸಾನ್ ಬೆರೆಸಿ ಅದನ್ನು ಬಿಳಿ ಮಾಡುತ್ತಾರೆ ಎಂಬ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳಿಸಬೇಡಿ. ನಾರಿನಂಶಕ್ಕಾಗಿ ಗೋಧಿ ಹಿಟ್ಟು ಬಳಸಿ, ಅದು ಸರಿಯಾದ ಕಾರಣ.

ವಿಷದ ಕಥೆಯೊಂದು ಹತ್ತು ಗುಂಪು ದಾಟಿ ಬಂದರೆ ಸಾಕು, ಓದಿದವರೂ ನಂಬುತ್ತಾರೆ. ಪೊಟ್ಟಣದ ಹಿಂದೆ ಮುದ್ರಿಸಿದ ಅಂಕಿಯನ್ನು ಓದುವುದಿಲ್ಲ, ಮುಂದಿರುವ ಹಸಿರು ಎಲೆಯ ಚಿತ್ರವನ್ನು ನಂಬುತ್ತಾರೆ. ‘ನಮ್ಮ ಹಿರಿಯರು’ ಎಂದು ಶುರುವಾದ ಮಾತಿಗೆ ಎದುರಾಡುವವರೇ ಇಲ್ಲ. ಹಿರಿಯರು ಬೆಲ್ಲ ತಿಂದದ್ದು ನಿಜ. ಬಿಸಿಲಲ್ಲಿ ಬಂದವರಿಗೆ ನೀರಿನ ಜೊತೆ ಒಂದು ಚೂರು, ಹಬ್ಬಕ್ಕೆ ಹೋಳಿಗೆ, ಸಂಕ್ರಾಂತಿಗೆ ಎಳ್ಳಿನ ಜೊತೆ. ದಿನವಿಡೀ ಹೊಲದಲ್ಲಿ ದುಡಿದ ಮೈ ಅದನ್ನು ಅರಗಿಸಿಕೊಂಡಿತು. ದಿನಾ ಬೆಳಗ್ಗೆ ಬೆಲ್ಲದ ಕೇಕ್ ತಿಂದು ಕುರ್ಚಿಯಲ್ಲಿ ಕೂತವರು ಅವರಲ್ಲ.

ತಿಂಡಿಗೆ ಮಫಿನ್ ಬೇಕೇ ಬೇಕು ಎನ್ನುವವರು ಖಾರದ್ದು ಮಾಡಿ ನೋಡಿ. ಸಣ್ಣ ರವೆ, ಕಡಲೆ ಹಿಟ್ಟು, ಮೊಸರು ಕಲಸಿ ಇಪ್ಪತ್ತು ನಿಮಿಷ ನೆನೆಯಲು ಬಿಡಿ. ಒಂದು ಹಿಡಿ ಮೆಂತ್ಯ ಸೊಪ್ಪು, ತುರಿದ ಕ್ಯಾರೆಟ್, ಹೆಚ್ಚಿದ ಈರುಳ್ಳಿ, ಹಸಿಮೆಣಸು, ಸಾಸಿವೆ ಕರಿಬೇವಿನ ಒಗ್ಗರಣೆ ಸೇರಿಸಿ. ಸೋಡಾ ಕಾಲು ಚಮಚ ಸಾಕು, ಅದನ್ನು ಕೊನೆಯಲ್ಲಿ ಹಾಕಿ ಕೂಡಲೇ ಅಚ್ಚಿಗೆ ಸುರಿಯಿರಿ. ಓವನ್ ಇಲ್ಲದಿದ್ದರೆ ಇಡ್ಲಿ ತಟ್ಟೆಯಲ್ಲೇ ಹಬೆಗೆ ಇಡಬಹುದು. ಕಾಯಿ ಚಟ್ನಿ ಜೊತೆ ಮಕ್ಕಳೂ ತಿನ್ನುತ್ತಾರೆ. ಮಾವನವರಿಗೆ ಬಡಿಸುವಾಗ ಮಾತ್ರ ಇದರಲ್ಲೂ ರವೆ ಇದೆ ಎಂಬುದು ನೆನಪಿರಲಿ, ಎರಡಕ್ಕೆ ನಿಲ್ಲಿಸಿ.